ಮುಚ್ಚಿಗೆ ಹಲಗೇಲಿ ಊಟದ ಟೇಬಲ್, ಕೆಳಗೆ ಕಬ್ಬಿಣದ ಕಾಲು: ಎರಡನ್ನೂ ಜೋಡಿಸೋದು ಹೇಗೆ?

ಹಲಸಿನ ಹಲಗೆ (ಸೆಪ್ಟೆಂಬರ್)

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ರ ನಮ್ಮಜ್ಜನ ಕಾಲದ ಮನೆ ಇತ್ತು, ಹಿಂದಿನ ಗೋಡೆ ಕೂತ್ಬಿಟ್ಟಿತ್ತು, ಉಳಿಸ್ಕೊಳ್ಳೋ ಹಂಗೆ ಇರ್ಲಿಲ್ಲ, ಹೋದ ಬೇಸಿಗೇಲಿ ಬಿಚ್ಚಿಸಿದ್ವಿ. ತೊಲೆ, ಕಂಬ, ಬಾಗಿಲು ಎಲ್ಲಾ ಯಾರ್ಯಾರೋ ತಗೊಂಡು ಹೋದ್ರು, ಆದ್ರೆ ಅಡುಗೆಮನೆ ಮೇಲಿನ ಮುಚ್ಚಿಗೆ ಹಲಗೆ ಮಾತ್ರ ನಾನು ಯಾರಿಗೂ ಕೊಡ್ಲಿಲ್ಲ. ಹಲಸು. 7 ಅಡಿ ಉದ್ದದ್ದು 9 ಹಲಗೆ, ಅಗಲ 9ರಿಂದ 11 ಇಂಚು, ದಪ್ಪ ಒಂದೂವರೆ ಇಂಚು ಆಸುಪಾಸು. ಒಲೆ ಹೊಗೆ ಕುಡಿದು ಕುಡಿದು ಕೆಳಗಿನ ಮೈ ಪೂರ್ತಿ ಇಲ್ಲಣ ಹಿಡಿದು ಕಪ್ಪಗೆ ಡಾಂಬರಿನ ಥರ ಆಗಿದೆ. ಮೊನ್ನೆ ಒಂದು ಮೂಲೇಲಿ ಕೀಸುಳಿ ಇಟ್ಟು ಎರಡು ಸಲ ಎಳೆದೆ, ಒಳಗಿಂದ ಅರಿಶಿನದ ಬಣ್ಣ ಬಂತು, ಹಲಸಿನ ಮರ ಆಗ ತಾನೆ ಕುಯ್ದ ಹಂಗೆ. ಅಮ್ಮ ಆ ಜಾಗದ ಮೇಲೆ ಸುಮಾರು ಹೊತ್ತು ಕೈ ಇಟ್ಕೊಂಡೇ ಇದ್ರು.

ಈಗ ವಿಷಯ. ಬೆಂಗಳೂರಲ್ಲಿ ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಈ ಹಲಗೆಗಳಿಂದ 6 ಅಡಿಗೆ 3 ಅಡಿ ಊಟದ ಟೇಬಲ್ ಮಾಡಿಸ್ಬೇಕು ಅಂತ ಆಸೆ. ಕಾಲು ಕಬ್ಬಿಣದ್ದು, ಕಪ್ಪು ಬಣ್ಣ, ಸಿಂಪಲ್ಲಾಗಿ. ನಮ್ಮ ಏರಿಯಾದ ವೆಲ್ಡಿಂಗ್ ಅಂಗಡಿಯವರು ಹೇಳಿದ್ದು ಏನಂದ್ರೆ ಎಲ್ ಆಂಗಲ್‌ನಲ್ಲಿ (ಎಲ್ ಆಕಾರದ ಕಬ್ಬಿಣದ ಪಟ್ಟಿ) ನಾಲ್ಕೂ ಕಡೆ ಚೌಕಟ್ಟು ಮಾಡ್ತೀವಿ, ಹಲಗೇನ ಒಳಗೆ ಟೈಟಾಗಿ ಕೂರಿಸಿ ಕೆಳಗಿಂದ ಸ್ಕ್ರೂ ಬಿಗಿದ್ಬಿಟ್ರೆ ಜನ್ಮದಲ್ಲಿ ಅಲ್ಲಾಡಲ್ಲ ಅಂತ. ನಮ್ಮ ಕಡೆ ಆಚಾರ್ರನ್ನ ಕೇಳಿದ್ರೆ ಕಬ್ಬಿಣ ಯಾಕೆ ಬೇಕು, ಮರಕ್ಕೆ ಮರಾನೇ ಇರ್ಲಿ, ಕಾಲೂ ಮರದ್ದೇ ಮಾಡಿ ಅಂತಾರೆ. ಕಾಲಿಗೆ ಆಗೋವಷ್ಟು ದಪ್ಪದ ಮರ ನನ್ನ ಹತ್ರ ಇಲ್ಲ, ಹೊಸ ಮರ ತಂದು ಇದಕ್ಕೆ ಸೇರಿಸೋಕೆ ಮನಸ್ಸೂ ಇಲ್ಲ.

ಆಂಗಲ್ ಚೌಕಟ್ಟು ಸರಿನಾ? ಪೈಪ್ ಎಷ್ಟು ದಪ್ಪ ತಗೋಬೇಕು? ಇವತ್ತೇ ಕೆಲಸ ಶುರು ಮಾಡ್ಬಹುದಾ ಅಥವಾ ಹಲಗೆ ಇನ್ನೂ ಒಣಗಬೇಕಾ, ಊರಿಂದ ಬಂದು ಬರೀ ಎರಡು ವಾರ ಆಗಿದೆ ಅಷ್ಟೇ. ಮಾಡಿ ನೋಡಿದವರು ಹೇಳಿ ಪ್ಲೀಸ್, ಈ ಮರ ಹಾಳಾದ್ರೆ ನನಗೆ ಇನ್ನೊಂದು ಸಿಗಲ್ಲ.

ಉಳಿ ಸುತ್ತಿಗೆ

ಸರ್ ಮೊದಲನೇ ಮಾತು, ಆ ಆಂಗಲ್ ಚೌಕಟ್ಟು ದಯವಿಟ್ಟು ಮಾಡಿಸ್ಬೇಡಿ. ನಾನು ಮೈಸೂರಲ್ಲಿ ಫರ್ನಿಚರ್ ಮಾಡ್ತೀನಿ, ಮರ ಮತ್ತೆ ಕಬ್ಬಿಣ ಎರಡೂ ಸೇರಿಸಿ ಮಾಡೋದೇ ನನ್ನ ಕೆಲಸ. ಶುರು ಮಾಡಿದ ಹೊಸದ್ರಲ್ಲಿ ಕೊಡಗಿನ ಒಂದು ಹೋಂಸ್ಟೇಗೆ ಇದೇ ಥರ ಮಾಡಿ ಕೊಟ್ಟಿದ್ದೆ, ಸಾಗವಾನಿ ಹಲಗೆ, ಸುತ್ತ ಆಂಗಲ್, ಮಧ್ಯೆ ಒಂದು ಕೂದಲು ಹೋಗೋಷ್ಟೂ ಸಂದಿ ಇಲ್ಲ, ನೋಡೋಕೆ ತುಂಬಾ ಚೆನ್ನಾಗಿತ್ತು. ಕೊಟ್ಟಿದ್ದು ಮಾರ್ಚ್‌ನಲ್ಲಿ. ಆಗಸ್ಟ್‌ನಲ್ಲಿ ಫೋನ್ ಬಂತು. ಹೋಗಿ ನೋಡಿದ್ರೆ ನಡುವಿನ ಎರಡು ಹಲಗೆ ಮೇಲಕ್ಕೆ ಎದ್ದು ಗುಡಾರದ ಥರ ನಿಂತಿದೆ, ಚೌಕಟ್ಟಿನ ಒಂದು ಮೂಲೆ ವೆಲ್ಡಿಂಗ್ ಬಾಯಿ ಬಿಟ್ಟಿದೆ. ಕಬ್ಬಿಣಾನೇ ಸೀಳಿತ್ತು ಸರ್, ಮರದ ಬಲ ಅಷ್ಟು. ಅವರ ದುಡ್ಡು ವಾಪಸ್ ಕೊಟ್ಟೆ.

ಯಾಕೆ ಹಿಂಗಾಗತ್ತೆ ಅಂದ್ರೆ ಮರ ಎಷ್ಟೇ ಹಳೇದಾದ್ರೂ ಗಾಳಿಯ ತೇವ ಕುಡಿಯೋದು ಬಿಡಲ್ಲ. ನೂರು ವರ್ಷದ ಬಾಗಿಲೂ ಮಳೆಗಾಲದಲ್ಲಿ ಹಿಡ್ಕೊಳ್ಳತ್ತೆ ಅಲ್ವಾ, ಅದೇ. ಉದ್ದಕ್ಕೆ ಏನೂ ಆಗಲ್ಲ, ಅಗಲಕ್ಕೆ ಹಿಗ್ಗತ್ತೆ ಕುಗ್ಗತ್ತೆ. ಅಂದಾಜು ಲೆಕ್ಕ ಹೇಳ್ಬೇಕು ಅಂದ್ರೆ ಮರದ ತೇವ ಶೇಕಡಾ 1 ಹೆಚ್ಚಾದ್ರೆ ಅಗಲ ಸುಮಾರು ಶೇಕಡಾ 0.2 ಹೆಚ್ಚಾಗತ್ತೆ. ಜಾತಿಗೆ ತಕ್ಕಂಗೆ, ಸೀಳಿದ ರೀತಿಗೆ ತಕ್ಕಂಗೆ ಹೆಚ್ಚು ಕಮ್ಮಿ ಇರತ್ತೆ. ತೇವ ಶೇಕಡಾ 4 ಬದಲಾಯ್ತು ಅಂದ್ಕೊಳ್ಳಿ, ನಿಮ್ಮ 3 ಅಡಿ ಅಗಲಕ್ಕೆ ಹತ್ತತ್ರ 7 ಎಂಎಂ ಆಯ್ತು. ಕಬ್ಬಿಣ ಈ ತೇವಕ್ಕೆ ಒಂದು ಕೂದಲೂ ಕದಲಲ್ಲ. ಇಬ್ಬರನ್ನೂ ಬಿಗಿಯಾಗಿ ಕಟ್ಟಿ ಹಾಕಿದ್ರೆ ಯಾರಾದ್ರೂ ಒಬ್ರು ಒಡೀಲೇಬೇಕು.

ಹಂಗಾದ್ರೆ ಹೇಗೆ ಮಾಡೋದು. ಕಬ್ಬಿಣದ ಫ್ರೇಮ್ ಹಲಗೆ ಕೆಳಗೆ ಇರ್ಲಿ, ಸುತ್ತ ಬೇಡ. ಅಗಲಕ್ಕೆ ಅಡ್ಡ ಬರೋ ಪಟ್ಟಿಗಳ ಮೇಲೆ ಬೋಲ್ಟ್ ತೂತು ಹಾಕ್ತೀರಲ್ಲ, ಅದ್ರಲ್ಲಿ ಸರಿಯಾಗಿ ನಡುವಿಂದು ಮಾತ್ರ ದುಂಡು ತೂತು, ಮಿಕ್ಕಿದ್ದೆಲ್ಲಾ ಸ್ಲಾಟ್, ಅಂದ್ರೆ ಉದ್ದನೆ ತೂತು, 8 ಎಂಎಂ ಅಗಲ 20 ಎಂಎಂ ಉದ್ದ, ಆ ಉದ್ದ ಹಲಗೆಯ ಅಗಲದ ದಿಕ್ಕಿಗೇ ಇರ್ಬೇಕು. ಇದನ್ನ ಉಲ್ಟಾ ಹಾಕಿಸಿಕೊಂಡು ಬಂದವರನ್ನ ನಾನೇ ನೋಡಿದೀನಿ, ಹಂಗಾಗಿ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬಾಣದ ಗುರುತು ಬರೆದು ವೆಲ್ಡರ್‌ಗೆ ತೋರಿಸಿ. ಮರದೊಳಗೆ ಎಂ6 ಥ್ರೆಡ್ ಇನ್ಸರ್ಟ್ (6 ಎಂಎಂ ಬೋಲ್ಟ್ ತಿರುಗಿಸೋಕೆ ಮರದಲ್ಲಿ ಕೂರಿಸೋ ನಟ್ ಥರದ್ದು) ಕೂರಿಸಿ, ಸ್ಲಾಟ್ ಮುಚ್ಚೋ ಹಂಗೆ ದೊಡ್ಡ ವಾಷರ್ ಹಾಕಿ ಬೋಲ್ಟ್ ಬಿಗೀರಿ. ಕೈಯಲ್ಲಿ ಬಿಗಿದು ಆಮೇಲೆ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು, ಅಷ್ಟೇ ಸಾಕು. ನಡು ಗಟ್ಟಿ ನಿಂತಿರತ್ತೆ, ಮರ ಎರಡೂ ಕಡೆ ಸಮವಾಗಿ ಹಿಗ್ಗತ್ತೆ ಕುಗ್ಗತ್ತೆ, ಮೇಲೆ ಕೂತು ಊಟ ಮಾಡೋರಿಗೆ ಏನೂ ಗೊತ್ತಾಗಲ್ಲ.

ಇವತ್ತೇ ಶುರು ಮಾಡೋದು ಬೇಡ. ಮಲೆನಾಡಿನ ಮಳೆ ಕುಡಿದ ಮರ ಅದು, ಬೆಂಗಳೂರಿನ ಒಣ ಹವೆಗೆ ಒಗ್ಗಬೇಕು. ನೀವು ವಾಸ ಮಾಡೋ ರೂಮಲ್ಲೇ, ಒಂದರ ಮೇಲೊಂದು ಇಡಿ, ಪ್ರತಿ ಹಲಗೆ ಮಧ್ಯೆ ಒಂದೇ ದಪ್ಪದ ರೀಪರ್ (ಸಣ್ಣ ಮರದ ಪಟ್ಟಿ) ತುಂಡು ಒಂದೂವರೆ ಅಡಿಗೊಂದು, ಮೇಲಿಂದ ಕೆಳಗಿನವರೆಗೂ ಒಂದೇ ಸಾಲಲ್ಲಿ. ತೇವ ನೋಡೋ ಮೀಟರ್ ಇದ್ರೆ ಒಳ್ಳೇದು, ಇಲ್ದಿದ್ರೆ ಲಗೇಜ್ ತೂಗೋ ಕೊಕ್ಕೆ ತಕ್ಕಡಿ ಸಾಕು. ಒಂದು ಹಲಗೆಗೆ ಗುರುತು ಹಾಕಿ ವಾರಕ್ಕೊಂದ್ಸಲ ತೂಕ ಬರ್ದಿಡಿ. ಇಳೀತಾ ಇಳೀತಾ ಒಂದು ಕಡೆ ನಿಲ್ಲತ್ತೆ, ನಾಲ್ಕು ವಾರ ಒಂದೇ ತೂಕ ಬಂತು ಅಂದ್ರೆ ಆಗ ಆಚಾರ್ರನ್ನ ಕರೀರಿ.

ಇನ್ನೊಂದು, ಮೊಳೆ. ಹಳೇ ಹಲಗೆಲಿ ತಲೆ ಮುರಿದ ಮೊಳೆ ಒಳಗೇ ಕೂತಿರತ್ತೆ, ಕಣ್ಣಿಗೆ ಕಾಣಲ್ಲ. ಹಳೇ ಸ್ಪೀಕರ್‌ದು ದೊಡ್ಡ ಮ್ಯಾಗ್ನೆಟ್ ದಾರಕ್ಕೆ ಕಟ್ಟಿ ನಿಧಾನಕ್ಕೆ ಮೇಲೆ ಓಡಿಸಿ, ಮೊಳೆ ಇರೋ ಕಡೆ ಎಳೆಯತ್ತೆ. ಒಂದು ಮೊಳೆ ಸಿಕ್ರೆ ಪ್ಲೇನರ್ ಬ್ಲೇಡ್ ಹೋಯ್ತು. ಇಲ್ಲಣ ಕೀಸುವಾಗ ಮಾಸ್ಕ್ ಹಾಕ್ಕೊಳ್ಳಿ, ಆ ಧೂಳು ಎದೆಗೆ ಒಳ್ಳೇದಲ್ಲ.

ಪೀಣ್ಯ ಸೆಕೆಂಡ್ ಸ್ಟೇಜ್

ಮೇಲಿನವರು ಮರದ ಕಡೆಯಿಂದ ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಕಬ್ಬಿಣದ ಕಡೆಯಿಂದ ಹೇಳ್ತೀನಿ. ಫ್ಯಾಬ್ರಿಕೇಶನ್ ಮಾಡೋನು.

ಕಾಲಿಗೆ 50ಕ್ಕೆ 50 ಎಂಎಂನ ಎಂಎಸ್ (ಮೈಲ್ಡ್ ಸ್ಟೀಲ್, ಅಂದ್ರೆ ಮಾಮೂಲಿ ಕಬ್ಬಿಣ) ಚೌಕ ಪೈಪ್ ತಗೊಳ್ಳಿ, ಗೋಡೆ ದಪ್ಪ 2 ಎಂಎಂ, ಅಂದ್ರೆ 14 ಗೇಜ್. 18 ಗೇಜ್ ಕೊಡ್ತೀನಿ ಕಮ್ಮಿಗೆ ಆಗತ್ತೆ ಅಂತಾರೆ, ಅದು 1.2 ಎಂಎಂ, ನೋಡೋಕೆ ಹೊರಗಿಂದ ಒಂದೇ ಥರ ಇರತ್ತೆ, ವೆಲ್ಡಿಂಗಲ್ಲಿ ತೂತು ಬೀಳತ್ತೆ ಮತ್ತೆ ಕೈ ಊರಿದ್ರೆ ಟೇಬಲ್ ಅಲ್ಲಾಡತ್ತೆ. ತೂಕ ಹಾಕಿ ನೋಡಿದ್ರೆ ಮೋಸ ಆಗಲ್ಲ, 50ಕ್ಕೆ 50 ಪೈಪು 2 ಎಂಎಂ ಇದ್ರೆ ಮೀಟರ್‌ಗೆ 3 ಕೆಜಿ ಬರ್ಬೇಕು, ಪೂರ್ತಿ 6 ಮೀಟರ್ ಪೈಪು 18 ಕೆಜಿ. ಎರಡೂ ತುದಿಗೆ ಒಂದೊಂದು ಚೌಕ ಕಾಲು ಮಾಡಿದ್ರೆ ನಾಲ್ಕು ನಿಲುವು ನಾಲ್ಕು ಅಡ್ಡ ಸೇರಿ 5.8 ಮೀಟರ್ ಆಗತ್ತೆ, ಸರಿಯಾಗಿ ಒಂದು ಪೈಪಲ್ಲಿ ಮುಗೀತು. ಉದ್ದಕ್ಕೆ ಎರಡು ಕಾಲನ್ನೂ ಹಿಡಿಯೋಕೆ 50ಕ್ಕೆ 25ರದ್ದು ಎರಡು ಪೈಪು, ಆಮೇಲೆ ನಡುವೆ ಹಲಗೆ ಹಿಡಿಯೋಕೆ ಒಂದು ಅಡ್ಡಪಟ್ಟಿ.

ಮೂರನೇ ಮಹಡಿ ಲಿಫ್ಟ್ ಇಲ್ಲ ಅಂದ್ರಿ, ಹಂಗಾದ್ರೆ ಎಲ್ಲಾ ಸೇರಿಸಿ ವೆಲ್ಡ್ ಮಾಡಿಸ್ಲೇಬೇಡಿ. ಎರಡು ಕಾಲು ಬೇರೆ, ಉದ್ದದ ಪೈಪು ಬೇರೆ, ತುದಿಗೆ 6 ಎಂಎಂ ಪ್ಲೇಟ್ ವೆಲ್ಡ್ ಮಾಡಿ ಎಂ8 ಬೋಲ್ಟಲ್ಲಿ ಜೋಡಿಸೋ ಹಂಗೆ ಮಾಡಿ. ಕಬ್ಬಿಣ ಒಟ್ಟು 25 ಕೆಜಿ ಆಸುಪಾಸು, ಹಲಗೆ 30 ಕೆಜಿ ಹತ್ರ ಇರತ್ತೆ, ಬೇರೆ ಬೇರೆ ಆದ್ರೆ ಇಬ್ಬರು ಆರಾಮಾಗಿ ಮೆಟ್ಟಲು ಹತ್ತಿಸ್ಬಹುದು, ನಾಳೆ ಮನೆ ಬದಲಾಯಿಸಿದ್ರೂ ಕಷ್ಟ ಇಲ್ಲ.

ವೆಲ್ಡರ್ ಹತ್ರ ನಿಂತ್ಕೊಂಡು ಒಂದೇ ಒಂದು ನೋಡಿ. ಮೊದಲು ಎಲ್ಲಾ ಮೂಲೆಗೂ ಬರೀ ಟ್ಯಾಕ್ (ಚುಕ್ಕಿಯಷ್ಟು ವೆಲ್ಡ್) ಹಾಕಿ, ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಕರ್ಣ ಅಳೀಬೇಕು. ಎರಡೂ ಒಂದೇ ಬಂದ್ರೆ ಚೌಕ ಸರಿ ಇದೆ, ವ್ಯತ್ಯಾಸ ಇದ್ರೆ ಟ್ಯಾಕ್ ಇರುವಾಗಲೇ ತಟ್ಟಿ ಸರಿ ಮಾಡ್ಬಹುದು. ಪೂರ್ತಿ ವೆಲ್ಡ್ ಆದ್ಮೇಲೆ ಅಳೆದು ಏನು ಪ್ರಯೋಜನ. ಒಂದೇ ಮೂಲೆ ಮುಗಿಸಿ ಪಕ್ಕದ್ದಕ್ಕೆ ಹೋದ್ರೆ ಬಿಸಿಗೆ ಎಳ್ಕೊಂಡು ಫ್ರೇಮ್ ತಿರುಚ್ಕೊಳ್ಳತ್ತೆ, ಎದುರು ಬದುರು ಮೂಲೆ ಸ್ವಲ್ಪ ಸ್ವಲ್ಪ ಹಾಕ್ತಾ ಹೋಗ್ಬೇಕು. ಆಮೇಲೆ ಜಿಐ ಪೈಪ್ (ಸತು ಲೇಪಿಸಿದ್ದು) ಬೇಡ ಅಂತ ಮೊದಲೇ ಹೇಳ್ಬಿಡಿ, ಅದರ ಸತುವಿನ ಹೊಗೆ ವೆಲ್ಡರ್‌ಗೆ ಜ್ವರ ಬರಿಸತ್ತೆ.

ಬಣ್ಣ ಪೌಡರ್ ಕೋಟಿಂಗೇ ಮಾಡ್ಸಿ. ಕಬ್ಬಿಣ ತೊಳೆದು ತುಕ್ಕು ತೆಗೆದು ಫಾಸ್ಫೇಟ್ ಮಾಡಿ, ಪುಡಿ ಹೊಡೆದು, 180ರಿಂದ 200 ಡಿಗ್ರಿ ಓವನ್‌ನಲ್ಲಿ ಬೇಯಿಸ್ತಾರೆ. ಹಂಗಾಗಿ ಎಲ್ಲಾ ತೂತು, ಎಲ್ಲಾ ಸ್ಲಾಟ್ ಮುಂಚೇನೇ ಆಗಿರ್ಬೇಕು, ಆಮೇಲೆ ಒಂದು ತೂತು ಕೊರೆದ್ರೂ ಅಲ್ಲಿಂದ ತುಕ್ಕು ಶುರು. ಮಾಮೂಲಿ ಪುಟ್ಟಿ ಹಾಕಿ ವೆಲ್ಡಿಂಗ್ ಮುಚ್ಚಿದ್ರೆ ಓವನ್‌ನಲ್ಲಿ ಉಬ್ಬಿ ಎದ್ದು ಬರತ್ತೆ, ಗ್ರೈಂಡಿಂಗಲ್ಲೇ ನೀಟ್ ಮಾಡಿಸಿ. ಎರಡೂ ಕಡೆ ಮುಚ್ಚಿರೋ ಪೈಪಿಗೆ ಕಾಣದ ಕಡೆ ಒಂದು ಸಣ್ಣ ತೂತು ಇರ್ಲಿ, ತೊಳೆದ ನೀರು, ಬಿಸಿ ಗಾಳಿ ಹೊರಗೆ ಹೋಗೋಕೆ.

ಹಲಸಿನ ಹಲಗೆ

ಇಬ್ಬರಿಗೂ ತುಂಬಾ ಥ್ಯಾಂಕ್ಸ್, ಎರಡೆರಡು ಸಲ ಓದಿದೆ. ಆಂಗಲ್ ಚೌಕಟ್ಟು ಕ್ಯಾನ್ಸಲ್. ಗುರುತು ಹಾಕಿದ ಹಲಗೆ ಇವತ್ತಿನ ತೂಕ 12 ಕೆಜಿ 400 ಗ್ರಾಂ.

ಇನ್ನೂ ಎರಡು ಮೂರು ಇದೆ. ಮೊಳೆ ಇದ್ದ ಕಡೆ ಎಲ್ಲಾ ಸುತ್ತ ಕಾಸಿನಗಲ ಕಪ್ಪು ಕಲೆ ಇದೆ, ಕೀಸಿದ್ರೂ ಹೋಗ್ತಿಲ್ಲ, ಮತ್ತೆ ಕಬ್ಬಿಣದ ಫ್ರೇಮ್ ತಾಗಿದ ಕಡೆ ಇದೇ ಥರ ಆಗತ್ತಾ? ಫಿನಿಶ್ ಯಾವುದು ಹಾಕೋದು, ನಮ್ಮಲ್ಲಿ ಬಿಸಿ ಪಾತ್ರೆ ಸೀದಾ ಟೇಬಲ್ ಮೇಲೆ ಇಡೋ ಅಭ್ಯಾಸ. ಮತ್ತೆ ಅಮ್ಮ ಕುರ್ಚಿ ಮೇಲೂ ಚಕ್ಕಳಮಕ್ಕಳ ಹಾಕ್ಕೊಂಡೇ ಕೂರೋದು, ಅವರಿಗೆ ಮಂಡಿ ತಾಗ್ಬಾರ್ದು.

ಕಡಲ ಬದಿ ಮನೆ

ನಾನು ಮಾಡುವವಳಲ್ಲ, ಬಳಸುವವಳು. ನಮ್ಮ ಮನೆಯಲ್ಲಿ ಇಂಥದ್ದೇ ಟೇಬಲ್ ಉಂಟು, ಉಡುಪಿಯಲ್ಲಿ, 9 ವರ್ಷ ಆಯ್ತು, ದಿನಾ ಒರೆಸುವುದು ನಾನೇ, ಹಾಗಾಗಿ ಹೇಳ್ತೇನೆ.

ಹಲಗೆಗೂ ಹಲಗೆಗೂ ಮಧ್ಯೆ ಗ್ಯಾಪ್ ಬಿಟ್ಟರೆ ಚಂದ ಕಾಣ್ತದೆ ಅಂತ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ ಮಾರಾಯ್ರೆ. ನಮ್ಮದರಲ್ಲಿ 3 ಎಂಎಂ ಬಿಟ್ಟಿದ್ದಾರೆ, ಅದರೊಳಗೆ ಅನ್ನದ ಅಗುಳು ಹೋಗಿ ಕೂತು ಇರುವೆ ಬರ್ತದೆ, ನಾನು ವಾರಕ್ಕೊಮ್ಮೆ ತೆಂಗಿನ ಕಡ್ಡಿ ಹಿಡಿದು ಕೆರೆಯುವುದು. ಹಲಗೆ ಅಂಟು ಹಾಕಿ ಒಂದೇ ಮಾಡಿಸಿ. ಕಾಲಿನ ಕೆಳಗಿನ ಅಡ್ಡಪೈಪು ಸಹ ನನಗೆ ಬೇಡ ಅಂತ ಕಾಣ್ತದೆ, ನೆಲ ಒರೆಸುವ ಕೋಲು ಪ್ರತಿ ಸಲ ಅಲ್ಲಿ ಬಡಿದು ಬಡಿದು ಪೇಂಟ್ ಹೋಗಿ, ನಮ್ಮ ಉಪ್ಪು ಗಾಳಿಗೆ ತುಕ್ಕು ಹಿಡಿದು ಟೈಲ್ಸ್ ಮೇಲೆ ಕೆಂಪು ಕಲೆ ಬಿದ್ದಿದೆ.

ನಿಮ್ಮ ಅಮ್ಮನ ವಿಷಯ, ನಮ್ಮ ಅತ್ತೆ ಕೂಡ ಹಾಗೇ ಕೂರುವುದು. ಕುರ್ಚಿ 18 ಇಂಚು, ಟೇಬಲ್ 30 ಇಂಚು ಮಾಮೂಲಿ ಅಳತೆ, ಅದು ಸರಿಯೇ. ಆದ್ರೆ ಉದ್ದದ ಪೈಪು ಹಲಗೆಯ ಅಂಚಿಗೆ ಹತ್ತಿರ ಇದ್ರೆ ಮಡಿಸಿದ ಮಂಡಿಗೆ ತಾಗ್ತದೆ. ಅಂಚಿನಿಂದ ಒಂದಡಿ ಒಳಗೆ ಹಾಕಿಸಿ. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ನೆಲದಿಂದ ಮಂಡಿ ಎಷ್ಟು ಎತ್ತರ ಬರ್ತದೆ ಅಂತ ಟೇಪ್ ಹಿಡಿದು ಅಳೆದೇ ನಾವು ಮಾಡಿಸಿದ್ದು, ನೀವೂ ಹಾಗೇ ಮಾಡಿ.

ಫಿನಿಶ್ ನಮ್ಮದು ಮೊದಲು ಪಿಯು (ಪಾಲಿಯುರೆಥೇನ್ ಪಾಲಿಶ್) ಇತ್ತು. ಕುಕ್ಕರ್ ಇಟ್ಟು ಬಿಳಿ ಉಂಗುರ ಬಿತ್ತು, ಅದೊಂದು ಕಡೆ ಸರಿ ಮಾಡ್ಲಿಕ್ಕೆ ಆಗುವುದಿಲ್ಲ ಪೂರ್ತಿ ಕೆರೆದು ಹೊಡೆಯಬೇಕು ಅಂದ್ರು. ಆಗ ಎಲ್ಲಾ ಕೆರೆಸಿ ಹಾರ್ಡ್‌ವ್ಯಾಕ್ಸ್ ಆಯಿಲ್ (ಮೇಣ ಬೆರೆಸಿದ ಎಣ್ಣೆ) ಹಾಕಿದ್ದು. ಈಗ ಕಲೆ ಬಿದ್ರೆ ಆ ಜಾಗ ಮಾತ್ರ ಸ್ಯಾಂಡ್‌ಪೇಪರ್ ಉಜ್ಜಿ ಎಣ್ಣೆ ಸವರಿದ್ರೆ ಆಯ್ತು, ನಾನೇ ಮಾಡ್ತೇನೆ. ಬಿಸಿ ಪಾತ್ರೆಗೆ ಮಾತ್ರ ಮಣೆ ಇಡುವುದು ಒಳ್ಳೇದು, ಯಾವ ಫಿನಿಶ್ ಆದ್ರೂ.

ಉಳಿ ಸುತ್ತಿಗೆ

ಮೇಡಂ ಹೇಳಿದ ಹಂಗೆ ಎಣ್ಣೆ ಫಿನಿಶ್ಶೇ ನನ್ನ ಓಟು, ಹಲಸಿಗೆ ಅದು ಚೆನ್ನಾಗಿ ಒಪ್ಪತ್ತೆ. ಈಗ ಅರಿಶಿನ ಇರೋದು ಬೆಳಕು ತಾಗ್ತಾ ತಾಗ್ತಾ ಜೇನಿನ ಬಣ್ಣಕ್ಕೆ ತಿರುಗತ್ತೆ, ಅದಕ್ಕೆ ಸ್ಟೇನ್ ಗೀನ್ ಹಾಕಿಸ್ಬೇಡಿ. ಒಂದು ಎಚ್ಚರಿಕೆ ಮಾತ್ರ ಮರೀಬೇಡಿ, ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೇಲಿ ಎಸೀಬೇಡಿ. ಅಗಸೆ ಎಣ್ಣೆ ಥರದ್ದು ಒಣಗುವಾಗ ತಾನೇ ಬಿಸಿ ಆಗತ್ತೆ, ಬಟ್ಟೆ ಮುದ್ದೆ ಒಳಗೆ ಬಿಸಿ ನಿಂತು ತಾನಾಗೇ ಬೆಂಕಿ ಹತ್ಕೊಳ್ಳತ್ತೆ. ನೀರಲ್ಲಿ ನೆನೆಸಿ, ಇಲ್ಲಾಂದ್ರೆ ಬಿಡಿಸಿ ಹೊರಗೆ ತಂತಿ ಮೇಲೆ ಒಣಗಾಕಿ.

ಕಪ್ಪು ಕಲೆ, ಅದು ಮರದ ಟ್ಯಾನಿನ್ನು (ಮರದೊಳಗಿನ ಒಗರು ಅಂಶ), ಕಬ್ಬಿಣ, ನೀರು ಮೂರೂ ಸೇರಿದಾಗ ಆಗೋದು. ಸೋರಿದ ಮಳೆ ನೀರು ಮೊಳೆಗುಂಟ ಇಳಿದಿದೆ ಅಂತ ಅರ್ಥ. ತೆಗೀಲೇಬೇಕು ಅಂದ್ರೆ ಆಕ್ಸಾಲಿಕ್ ಆಸಿಡ್ ಬಿಸಿ ನೀರಲ್ಲಿ ಕರಗಿಸಿ, ತಣ್ಣಗಾದ್ಮೇಲೆ ಸವರಿ ಚೆನ್ನಾಗಿ ತೊಳೀಬೇಕು, ಅದು ವಿಷ, ಗ್ಲೌಸ್ ಹಾಕ್ಕೊಂಡೇ ಮಾಡಿ. ನಾನಾಗಿದ್ರೆ ಬಿಡ್ತಿದ್ದೆ, ಆ ಮನೆ ಮೊಳೆಯ ಗುರುತು ಅದು. ಫ್ರೇಮ್ ತಾಗೋ ಕಡೆ ಭಯ ಇಲ್ಲ, ಪೌಡರ್ ಕೋಟ್ ಮಧ್ಯೆ ಇರತ್ತೆ, ನೀರೂ ಅಲ್ಲಿಗೆ ಹೋಗಲ್ಲ. ಬೇಕಿದ್ರೆ ತೆಳು ಫೆಲ್ಟ್ ಪಟ್ಟಿ ಅಂಟಿಸಿ.

ಪೀಣ್ಯ ಸೆಕೆಂಡ್ ಸ್ಟೇಜ್

ಮೇಡಂ ಮಾತು ಒಪ್ಕೊಂಡೆ, ಕೆಳಗಿನ ಅಡ್ಡಪೈಪ್ ತೆಗೆದುಬಿಡಿ. ಆದ್ರೆ ಅದಿಲ್ಲ ಅಂದ್ರೆ ಮೇಲಿನ ಮೂಲೆ ಗಟ್ಟಿ ಇರ್ಬೇಕು, ಕಾಲು ಮೇಲಿನ ಪೈಪಿಗೆ ಸೇರೋ ಕಡೆ ಸುತ್ತ ಪೂರ್ತಿ ವೆಲ್ಡ್ ಬರ್ಲಿ, ಒಳಗಡೆ 5 ಎಂಎಂ ಪ್ಲೇಟಿನ ಸಣ್ಣ ತ್ರಿಕೋನ ಕೊಡಿ, 2 ಇಂಚು ಸಾಕು, ಕಾಣಲ್ಲ. ಪಾದಕ್ಕೆ ತಿರುಗಿಸಿ ಎತ್ತರ ಸರಿ ಮಾಡೋ ಬುಷ್ ಹಾಕ್ಸಿ, ನೆಲ ಯಾರ ಮನೇಲೂ ಮಟ್ಟ ಇರಲ್ಲ.

ಹಲಸಿನ ಹಲಗೆ (ಮುಂದಿನ ವರ್ಷ, ಆಗಸ್ಟ್)

ಲೇಟಾಗಿ ಬರೀತಿದೀನಿ, ಆದ್ರೆ ಏನಾಯ್ತು ಅಂತ ಹೇಳ್ಲೇಬೇಕು ಅನ್ಸ್ತು.

ಹಲಗೆ ತೂಕ 12.4 ಇದ್ದಿದ್ದು ಇಳೀತಾ ಬಂದು ಜನವರಿ ಕೊನೇಲಿ 11 ಕೆಜಿ 700ಕ್ಕೆ ನಿಂತು ಅಲ್ಲಿಂದ ಕದಲ್ಲಿಲ್ಲ. ಅಂದ್ರೆ ಒಂದೇ ಹಲಗೆಯಿಂದ 700 ಗ್ರಾಂ ನೀರು ಹೋಗಿದೆ, ಸೆಪ್ಟೆಂಬರ್‌ನಲ್ಲೇ ಬಿಗಿದಿದ್ರೆ ಏನಾಗ್ತಿತ್ತು ಅಂತ ಯೋಚನೆ ಮಾಡಿದ್ರೆ ಭಯ ಆಗತ್ತೆ. ಮ್ಯಾಗ್ನೆಟ್‌ಗೆ 14 ಮೊಳೆ ತುಂಡು ಸಿಕ್ತು. ಮಾರ್ಚ್‌ನಲ್ಲಿ ಆಚಾರ್ರು ಊರಿಂದ ಬಂದು ನಾಲ್ಕು ದಿನ ನಮ್ಮಲ್ಲೇ ಉಳ್ಕೊಂಡು ಟೆರೇಸ್ ಮೇಲೆ ಕೆಲಸ ಮಾಡಿದ್ರು, ನಾಲ್ಕು ಹಲಗೆ ಸೇರಿಸಿ ಅಂಟು ಹಾಕಿದ್ದು, ದಪ್ಪ 28 ಎಂಎಂ ಉಳೀತು. ಮೇಲೆ ಮಾತ್ರ ಕೀಸಿದ್ದಾರೆ, ಕೆಳಗಿನ ಮೈ ಇಲ್ಲಣ ಉದುರೋದೆಲ್ಲಾ ಬ್ರಷ್ ಹಾಕಿ ತೆಗೆದು ಎಣ್ಣೆ ಸವರಿ ಕಪ್ಪಗೆ ಹಂಗೇ ಬಿಡಿ ಅಂತ ಅಮ್ಮ ಹೇಳಿದ್ರು.

ಸ್ಲಾಟ್ ವಿಷಯಕ್ಕೆ ಆಚಾರ್ರನ್ನೂ ವೆಲ್ಡಿಂಗ್ ಅಂಗಡಿಯವರನ್ನೂ ಒಂದೇ ಕಡೆ ಕೂರಿಸಿ ಈ ಥ್ರೆಡ್ ಓದಿ ಹೇಳಿದೆ. ವೆಲ್ಡಿಂಗ್ ಅಂಗಡಿಯವರು ನಂಬಿರ್ಲಿಲ್ಲ. ಆಚಾರ್ರು ಏನೂ ವಾದ ಮಾಡ್ಲಿಲ್ಲ, ಬಾಗಿಲ ಹಲಗೆಗೂ ನಾವು ಅಂಟು ಹಾಕಲ್ಲ ಕಣಪ್ಪ, ಚೌಕಟ್ಟಿನ ಒಳಗೆ ಸುಮ್ನೆ ಕೂರಿಸ್ತೀವಿ ಅಂದ್ರು ಅಷ್ಟೇ. ಜೋಡಿಸಿದ ದಿನ ಅಂಚಿನ ಬೋಲ್ಟ್‌ಗಳ ಹತ್ರ ಫ್ರೇಮ್ ಅಂಚಿಗೆ ಹಿಡಿದು ಮರದ ಮೇಲೆ ಚೂಪು ಉಳಿಯಲ್ಲಿ ಒಂದೊಂದು ಗೀರು ಎಳೆದಿದ್ರು, ಕಬ್ಬಿಣದ ಮೇಲೂ ಅದರ ಎದುರಿಗೆ ಸರಿಯಾಗಿ ಪೆನ್ಸಿಲ್ ಗುರುತು. ನಿನ್ನೆ ಟಾರ್ಚ್ ಹಿಡ್ಕೊಂಡು ಟೇಬಲ್ ಕೆಳಗೆ ಮಲಗಿ ನೋಡಿದೆ. ಆ ಕಪ್ಪು ಮರದ ಮೇಲಿನ ಹಳದಿ ಗೀರು ಪೆನ್ಸಿಲ್ ಗುರುತಿಂದ ಹೊರಗಡೆಗೆ ಸರಿದಿದೆ, ಸ್ಕೇಲ್ ಹಿಡಿದ್ರೆ 2 ಎಂಎಂ, ಆ ಕಡೆ ಅಂಚಲ್ಲೂ ಅಷ್ಟೇ. ನಡುವಿನ ಬೋಲ್ಟ್ ಹತ್ರ ಎರಡೂ ಗುರುತು ಎದುರು ಬದುರೇ ಇದೆ. ಮೇಲೆ ಒಂದು ಬಿರುಕಿಲ್ಲ. ಫೋಟೋ ತೆಗೆದು ವೆಲ್ಡಿಂಗ್ ಅಂಗಡಿಯವರಿಗೆ ತೋರಿಸಿದೆ, ಇನ್ಮೇಲೆ ಎಲ್ಲರಿಗೂ ಸ್ಲಾಟೇ ಹಾಕ್ತೀನಿ ಅಂದ್ರು.

ಇನ್ನು 5 ಹಲಗೆ ಉಳಿದಿದೆ, ಕೂರೋಕೆ ಬೆಂಚ್ ಮಾಡಿಸೋಣ ಅಂತ. ಬೆಂಚು ಬರೀ 14 ಇಂಚು ಅಗಲ, ಅದಕ್ಕೂ 20 ಎಂಎಂ ಸ್ಲಾಟ್ ಬೇಕಾ ಅಥವಾ 12 ಸಾಕಾ?

ಉಳಿ ಸುತ್ತಿಗೆ

12 ಧಾರಾಳ ಸರ್. ದಿಕ್ಕು ಮಾತ್ರ ಅದೇ, ಹಲಗೆ ಅಗಲದ ಕಡೆಗೆ. ಆ ಗೀರಿನ ಫೋಟೋ ಇಲ್ಲೂ ಹಾಕಿ, ನನ್ನ ಹುಡುಗರಿಗೆ ತೋರಿಸ್ಬೇಕು.